ಕಡಲ ಮುನ್ಸೂಚನೆಯ ಕರೆ: ಬೈತಖೋಲದ ಕೆಲಸದ ಟಿಪ್ಪಣಿ

ಸಮುದ್ರದ ಸ್ಥಿತಿಯನ್ನು ಫೋನ್ ಕರೆಯ ಮೂಲಕ ಮೀನುಗಾರರಿಗೆ ತಿಳಿಸುವ ನಮ್ಮ ವಿಶ್ವವಿದ್ಯಾಲಯದ ಸಂಶೋಧನಾ ಯೋಜನೆಯು ಕಾರವಾರದಲ್ಲಿ ಮೊದಲ ಸುತ್ತಿನ ಪ್ರಯೋಗವನ್ನು ಮುಗಿಸಿದೆ. ನಿಗದಿತ ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟರೆ, ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶದಿಂದ ನಡೆಯುವ ನಮ್ಮ ಕಂಪ್ಯೂಟರ್ ತಾನೇ ತಿರುಗಿ ಕರೆ ಮಾಡಿ, ಸಾಗರ ಮಾಹಿತಿ ನೀಡುವ ಹೈದರಾಬಾದಿನ ಕೇಂದ್ರ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್ ಪ್ರಕಟಿಸುವ ಗಾಳಿ, ಅಲೆ ಮತ್ತು ಮೀನು ಸಿಗಬಹುದಾದ ವಲಯಗಳ ಮಾಹಿತಿಯನ್ನು ಕನ್ನಡದಲ್ಲಿ ಇಲ್ಲವೇ ಕೊಂಕಣಿಯಲ್ಲಿ ಕೇಳಿಸುತ್ತದೆ. ಕರೆಯ ಖರ್ಚು ನಮ್ಮದು. ಸ್ಮಾರ್ಟ್‌ಫೋನ್ ಬೇಕಿಲ್ಲ, ಓದು ಬರಹವೂ ಬೇಕಿಲ್ಲ.

ಹೆಚ್ಚು ಸಮಯ ಹಿಡಿದದ್ದು ತಂತ್ರಾಂಶವಲ್ಲ, ಮಾಹಿತಿಯನ್ನು ಯಾವ ಕ್ರಮದಲ್ಲಿ ಹೇಳಬೇಕೆಂಬ ಪ್ರಶ್ನೆ. ಮೀನು ವಲಯದ ಪ್ರಕಟಣೆಯಲ್ಲಿ ತೀರದ ಊರು, ದಿಕ್ಕು, ಡಿಗ್ರಿ, ಕಿಲೋಮೀಟರಿನಲ್ಲಿ ದೂರ, ಮೀಟರಿನಲ್ಲಿ ಆಳ, ಅಕ್ಷಾಂಶ, ರೇಖಾಂಶ ಎಂಬ ಸಾಲು ಇರುತ್ತದೆ. ಕಾಗದದ ಮೇಲೆ ಅದು ಸರಿಯೇ, ಆದರೆ ಎಂಜಿನ್ ಸದ್ದಿನ ನಡುವೆ ಕಿವಿಗೆ ಫೋನ್ ಒತ್ತಿಕೊಂಡು ನಿಂತವನಿಗೆ ಅಷ್ಟೂ ಅಂಕಿಗಳು ನಿಲ್ಲುವುದಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಮೊದಲ ಧ್ವನಿಮುದ್ರಣವನ್ನು ಕೇಳಿದ ಹಿರಿಯ ತಾಂಡೇಲರೊಬ್ಬರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು, “ನಮಸ್ಕಾರ ಎಲ್ಲ ಬೇಡ ಸರ್, ನೀರು ಎಷ್ಟು ಮಾರು ಅಂತ ಮೊದಲು ಹೇಳಿ” ಎಂದರು. ಸ್ವಾಗತದ ವಾಕ್ಯವನ್ನು ಅಂದೇ ತೆಗೆದೆವು. ಒಂದು ಮಾರಿಗೆ ಸುಮಾರು 1.83 ಮೀಟರ್ ಎಂದು ಹಿಡಿದು, 40 ಮೀಟರ್ ಆಳವನ್ನು ಈಗ 22 ಮಾರು ಎಂದೇ ಹೇಳುತ್ತೇವೆ. ಮೀನಿನ ಹಿಂಡನ್ನು ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವ, ಜಿಪಿಎಸ್ ಇರುವ ಪರ್ಸೀನ್ ಬೋಟಿನವರು ಒಂದು ಗುಂಡಿ ಒತ್ತಿ ಅಕ್ಷಾಂಶ, ರೇಖಾಂಶ ಕೇಳಬಹುದು. ಸಣ್ಣ ಸಾಂಪ್ರದಾಯಿಕ ಪಾತಿ ದೋಣಿಯವರಿಗೆ ಅದು ಬೇಡ.

ಉಪಗ್ರಹಗಳು ಅಳೆಯುವ ಸಮುದ್ರ ಮೇಲ್ಮೈಯ ಉಷ್ಣಾಂಶ ಮತ್ತು ನೀರಿನಲ್ಲಿರುವ ಕ್ಲೋರೊಫಿಲ್ ಆಧಾರದಲ್ಲಿ ಮೀನು ವಲಯಗಳನ್ನು ಗುರುತಿಸಲಾಗುತ್ತದೆ. ದಟ್ಟ ಮೋಡ ಕವಿದರೆ ಆ ಅಳತೆ ಸಿಗುವುದಿಲ್ಲ. ಅಂಥ ದಿನ ಹಿಂದಿನ ದಿನದ ಮಾಹಿತಿಯನ್ನೇ ಮತ್ತೆ ಕೇಳಿಸುವುದು ತಾಂತ್ರಿಕವಾಗಿ ಸುಲಭ, ಆದರೆ ಡೀಸೆಲ್ ಸುಟ್ಟು ಹೋಗುವವರ ಮಟ್ಟಿಗೆ ಅದು ವಂಚನೆಯೇ ಸರಿ. ಆದ್ದರಿಂದ “ಇವತ್ತು ಮೋಡ ಇದೆ, ಮೀನಿನ ಜಾಗದ ಮಾಹಿತಿ ಬಂದಿಲ್ಲ” ಎಂಬ ವಾಕ್ಯವನ್ನು ಸ್ಪಷ್ಟವಾಗಿ ಮುದ್ರಿಸಿಟ್ಟಿದ್ದೇವೆ. ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಮುಖ್ಯವಾದ ವಾಕ್ಯ ಇನ್ನೊಂದಿಲ್ಲವೆಂದು ನನಗನ್ನಿಸುತ್ತದೆ.

ಗಾಳಿ, ಮೋಡ, ನೀರಿನ ಬಣ್ಣ ನೋಡಿ ಹವಾಮಾನ ಹೇಳುವ ಇಲ್ಲಿನವರಿಗೆ ನಮ್ಮ ಕರೆಯಿಂದ ಏನು ಲಾಭ ಎಂಬ ಪ್ರಶ್ನೆ ಮೊದಲಿನಿಂದಲೂ ಇತ್ತು. ಉತ್ತರ ದೊರೆತದ್ದು ದೂರದ ಉಬ್ಬಲೆಗಳ ವಿಷಯದಲ್ಲಿ. ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ, ಮುಖ್ಯವಾಗಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಗಾಳಿಯೇ ಇಲ್ಲದ ದಿನವೂ ನಮ್ಮ ದಂಡೆಗೆ ಅಪ್ಪಳಿಸಬಲ್ಲವು. ಆಕಾಶ ತಿಳಿಯಾಗಿರುವುದರಿಂದ ಕಣ್ಣಿಗೆ ಯಾವ ಸುಳಿವೂ ಸಿಗುವುದಿಲ್ಲ. ಕಾಳಿ ನದಿಯ ಅಳಿವೆ ದಾಟುವ ಸಣ್ಣ ದೋಣಿಗೆ ಅಪಾಯವಾಗುವುದು ಆಗಲೇ. ಈ ಎಚ್ಚರಿಕೆಯೊಂದಕ್ಕೆ ಮಾತ್ರ ಮಿಸ್ಡ್ ಕಾಲ್‌ಗಾಗಿ ಕಾಯದೆ ನಾವೇ ಕರೆ ಮಾಡುತ್ತೇವೆ.

ಮೀನಿನ ದರ ತಿಳಿಸುವ ಸೌಲಭ್ಯವನ್ನು ಕೈಬಿಟ್ಟಿದ್ದೇವೆ. ಕೇರಳದಲ್ಲಿ ಮೊಬೈಲ್ ಬಂದ ಮೇಲೆ ತಾರ್ಲೆ ಮೀನಿನ ದರದ ಏರುಪೇರು ತಗ್ಗಿತೆಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ಕ್ಷೇತ್ರದಲ್ಲಿ ಎಲ್ಲರೂ ಉಲ್ಲೇಖಿಸುತ್ತಾರೆ, ನಮ್ಮ ಪ್ರಸ್ತಾವನೆಯಲ್ಲಿಯೂ ಅದು ಇತ್ತು. ಸಂಶೋಧಕಿಯರಾದ ಜಾನಕಿ ಶ್ರೀನಿವಾಸನ್ ಮತ್ತು ಜೆನ್ನಾ ಬರೆಲ್ ಅದೇ ಕೇರಳವನ್ನು ಮತ್ತೆ ನೋಡಿ, ದರದ ಮಾಹಿತಿಯಷ್ಟೇ ಸಾಲದು, ಸಾಲ ಮತ್ತು ಸಂಬಂಧಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ತೋರಿಸಿದರು. ನಾವು ಮಾತನಾಡಿಸಿದ ದೋಣಿ ಮಾಲೀಕರಲ್ಲಿಯೂ ಕೆಲವರು ಮುಂಗಡ ಪಡೆದ ವ್ಯಾಪಾರಿಗೇ ಬಂಗಡೆ ಕೊಡಬೇಕಾದವರು. ಬೇರೆ ಬಂದರಿನ ದರ ಗೊತ್ತಾದರೆ ಅವರಿಗೆ ಹೊಟ್ಟೆಯುರಿ ಹೊರತು ಬೇರೇನೂ ದಕ್ಕದು. ಮೀನು ಮಾರುವ ಹೆಂಗಸರು ಕೇಳಿದ್ದಂತೂ ಬೇರೆಯೇ: ಬೋಟು ಎಷ್ಟು ಹೊತ್ತಿಗೆ ದಡಕ್ಕೆ ಬರುತ್ತದೆ, ಟೆಂಪೋ ಎಷ್ಟು ಹೊತ್ತಿಗೆ ಕರೆಯಬೇಕು. ಇದನ್ನು ಬೋಟಿನವರೇ ಒಪ್ಪಿ ತಿಳಿಸಬೇಕಾದ್ದರಿಂದ ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸಿ ಮಾತಾಡುವುದು ಬಾಕಿ ಇದೆ. 1970ರ ದಶಕದಲ್ಲಿ ನಾರ್ವೆಯ ಲೋಹ ಕಾರ್ಮಿಕರ ಸಂಘದೊಂದಿಗೆ ಕಂಪ್ಯೂಟರ್ ವಿಜ್ಞಾನಿ ಕ್ರಿಸ್ಟನ್ ನೈಗಾರ್ಡ್ ಕೆಲಸ ಮಾಡಿದ ಬಗೆಯಲ್ಲಿ, ವ್ಯವಸ್ಥೆ ಹೇಗಿರಬೇಕೆಂಬ ತೀರ್ಮಾನವೂ ಬಳಸುವವರ ಕೈಯಲ್ಲಿರಲಿ ಎಂಬುದು ನಮ್ಮ ಆಶಯ.

ಕರೆ ಮಾಡಿದವರ ಸಂಖ್ಯೆಯನ್ನು ಬಿಟ್ಟು ಹೆಸರು, ಊರು ಯಾವುದನ್ನೂ ಉಳಿಸಿಕೊಳ್ಳುತ್ತಿಲ್ಲ. “ಅಳಿಸಿ” ಎಂದವರ ಸಂಖ್ಯೆಯನ್ನೂ ತೆಗೆಯುತ್ತೇವೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ನಿಷೇಧವಿರುವುದರಿಂದ ಆ ಅವಧಿಯಲ್ಲಿ ಮೀನು ವಲಯದ ಭಾಗವನ್ನು ನಿಲ್ಲಿಸಿ, ಸಾಂಪ್ರದಾಯಿಕ ದೋಣಿಗಳಿಗಾಗಿ ಅಲೆಯ ಎತ್ತರವನ್ನಷ್ಟೇ ಹೇಳಲಿದ್ದೇವೆ. ಕೊಂಕಣಿಯ ಅಂಕಿಗಳನ್ನು ಮಾಜಾಳಿ ಕಡೆಯ ಮಹಿಳೆಯೊಬ್ಬರ ದನಿಯಲ್ಲಿ ಮತ್ತೆ ಮುದ್ರಿಸುವ ಕೆಲಸವೂ ಆಗಲೇ ನಡೆಯಲಿದೆ.