ಹಿಮಾಲಯನ್‌ಗೆ ಸ್ಕ್ರಾಮ್ ಗಾಲಿ ಕೂರುತ್ತಾ?

"ಅಣ್ಣಾ, ನಂದು 2018ರ ಹಿಮಾಲಯನ್. ಸ್ಕ್ರಾಮಿನ ಮುಂದಿನ ಗಾಲಿ ಇದಕ್ಕೆ ಕೂಡತೈತೇನು?"

ಪುಣೆಯ ನಮ್ಮ ಕನ್ನಡ ಬೈಕ್ ಬಳಗದಲ್ಲಿ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ಹಿಮಾಲಯನ್, ಸ್ಕ್ರಾಮ್ ಎರಡೂ ರಾಯಲ್ ಎನ್‌ಫೀಲ್ಡ್ ಕಂಪನಿಯ ಬೈಕುಗಳು. ಒಬ್ಬರಿಗೆ ಗಾಲಿ ಬೇಕು, ಇನ್ನೊಬ್ಬರಿಗೆ ಹೊಸ ಮಾಡೆಲ್ಲಿನ ಸೀಟು, ಮತ್ತೊಬ್ಬರಿಗೆ ಹೊಸ ಸ್ಕ್ರಾಮ್ 440ರ ಪಿಸ್ಟನ್. ವಿಜಯಪುರ, ಬೆಳಗಾವಿ, ಧಾರವಾಡದ ಕಡೆಯಿಂದ ಕೆಲಸಕ್ಕೆ ಬಂದು ಪಿಂಪ್ರಿಯಲ್ಲೋ ಹಿಂಜವಾಡಿಯಲ್ಲೋ ಇರುವ ಹುಡುಗರು ಊರಿಗೆ ಹೋಗಿಬರಲು ಈ ಗಾಡಿಯನ್ನೇ ನಂಬಿದ್ದಾರೆ. ಅದಕ್ಕೇ ಸರಿಯಾಗಿ ಬರೆದಿಡುತ್ತಿದ್ದೇನೆ.

ಬರೇ ಬೋಲ್ಟಿನ ಮೇಲೆ ನಿಲ್ಲುವ ಸಾಮಾನನ್ನು ಧಾರಾಳವಾಗಿ ಬದಲಿಸಿ. ಬ್ರೇಕು, ಸೆನ್ಸರ್, ಪೆಟ್ರೋಲು ಎಲ್ಲಿ ಸೇರಿಕೊಂಡಿದೆಯೋ ಅಲ್ಲಿ ಕೂತಿತು ಎಂಬ ಒಂದೇ ಕಾರಣಕ್ಕೆ ಹಾಕಬೇಡಿ. ನನ್ನ ಉತ್ತರ ಇಷ್ಟೇ. ಇದರ ಹಿಂದಿನ ಕಾರಣ ಗೊತ್ತಿದ್ದರೆ ಮುಂದಿನ ಸಲ ನೀವೇ ನಿರ್ಧಾರ ಮಾಡಬಹುದು.

ಮೊದಲು ನಿಮ್ಮ ಗಾಡಿ ಯಾವುದು ಅಂತ ಸರಿಯಾಗಿ ತಿಳಿದುಕೊಳ್ಳಿ. 2016ರಲ್ಲಿ ಬಂದ ಮೊದಲ ಹಿಮಾಲಯನ್‌ಗೆ ಕಾರ್ಬೊರೇಟರ್ ಇತ್ತು. 2017ರಲ್ಲಿ ಹೊಗೆ ನಿಯಂತ್ರಣದ ಬಿಎಸ್4 ನಿಯಮ ಬಂದಾಗ ಫ್ಯುಯೆಲ್ ಇಂಜೆಕ್ಷನ್ ಆಯಿತು. 2018ರ ಕೊನೆಯ ಭಾಗದಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಸೇರಿತು. 2020ರ ಬಿಎಸ್6 ಗಾಡಿಯಲ್ಲಿ ಹಿಂದಿನ ಗಾಲಿಯ ಎಬಿಎಸ್ ಆಫ್ ಮಾಡುವ ಸೌಲಭ್ಯ ಬಂತು. 2021ರಲ್ಲಿ ಸೀಟು, ವಿಂಡ್‌ಸ್ಕ್ರೀನ್, ರ‍್ಯಾಕ್ ಬದಲಾದವು, ದಾರಿ ತೋರಿಸುವ ಟ್ರಿಪ್ಪರ್ ಬಂತು. 2022ರಲ್ಲಿ ಇದೇ ಎಂಜಿನ್ನಿನ ಸ್ಕ್ರಾಮ್ 411 ಬಂತು. ಹಾಗಾಗಿ "2018ರ ಗಾಡಿ" ಅಂದರೆ ಸಾಲದು. ಅದಕ್ಕೆ ಎಬಿಎಸ್ ಇರಬಹುದು, ಇಲ್ಲದೆಯೂ ಇರಬಹುದು. ಆರ್‌ಸಿಯಲ್ಲಿ ತಯಾರಾದ ತಿಂಗಳು ಇರುತ್ತದೆ, ಅದನ್ನು ನೋಡಿ ಹೇಳಿ.

ಸೀಟು, ಹಿಂದಿನ ಕ್ಯಾರಿಯರ್, ಟ್ಯಾಂಕಿನ ಪಕ್ಕದ ರ‍್ಯಾಕ್ ಇವೆಲ್ಲ ಸುಲಭದ ಬಾಬತ್ತು. ಎತ್ತರದವರಿಗೆ ಹಳೆಯ ರ‍್ಯಾಕ್ ಮೊಣಕಾಲಿಗೆ ತಾಗುತ್ತದೆ, 2021ರಲ್ಲಿ ಅದನ್ನು ಸರಿಮಾಡಿದರು. ಬೇಕೆನಿಸಿದರೆ ಹಳೆಯದನ್ನು ಬಿಚ್ಚಿಕೊಂಡು ಅಂಗಡಿಗೆ ಹೋಗಿ, ಹೊಸದರ ಪಕ್ಕದಲ್ಲಿಟ್ಟು ತೂತುಗಳ ಅಂತರ ಅಳೆಯಿರಿ. ತಪ್ಪಾದರೂ ದುಡ್ಡು ಹೋಗುತ್ತದೆ, ಜೀವಕ್ಕೆ ಅಪಾಯವಿಲ್ಲ.

ಗಾಲಿಯ ವಿಷಯ ಹಾಗಲ್ಲ. ಹಿಮಾಲಯನ್‌ನ ಮುಂದಿನ ಟಯರ್ 90/90-21, ಸ್ಕ್ರಾಮ್‌ನದು 100/90-19. ಮೊದಲ ಅಂಕಿ ಟಯರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಎತ್ತರ ಅಂತ. ಕೊನೆಯದು ರಿಮ್ಮಿನ ಇಂಚು. ಲೆಕ್ಕ ಹಾಕಿ ನೋಡಿ. ಮೊದಲನೆಯದರ ವ್ಯಾಸ ಸುಮಾರು 695 ಮಿಲಿಮೀಟರ್, ಎರಡನೆಯದು ಸುಮಾರು 663. ಅಂದರೆ ಗಾಡಿಯ ಮೂತಿ 16 ಮಿಲಿಮೀಟರ್ ಕೆಳಗಿಳಿಯುತ್ತದೆ. ಇಡೀ ಗಾಡಿ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಮುಂದಕ್ಕೆ ಬಾಗುತ್ತದೆ. ಹ್ಯಾಂಡಲ್ ಹಗುರವಾಗಿ, ಬೇಗ ತಿರುಗುತ್ತದೆ. ಊರೊಳಗೆ ಅದು ಹಿತ ಅನಿಸುತ್ತದೆ. ಆದರೆ ಹಿಂದೆ ಎರಡು ಪೆಟ್ಟಿಗೆ ಕಟ್ಟಿಕೊಂಡು ಕೊಲ್ಹಾಪುರದ ದಾರಿಯಲ್ಲಿ ನೂರರಲ್ಲಿ ಹೋಗುವಾಗ ನಿಮಗೆ ಬೇಕಾದದ್ದು ಹಗುರ ಹ್ಯಾಂಡಲ್ ಅಲ್ಲ, ನೆಟ್ಟಗೆ ನಿಲ್ಲುವ ಗಾಡಿ, ಅಲ್ವಾ? ಎಂಜಿನ್ ಕೆಳಗಿನ ಜಾಗವೂ ಸ್ವಲ್ಪ ಕಡಿಮೆಯಾಗುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಎಬಿಎಸ್. ಪ್ರತಿ ಗಾಲಿಯಲ್ಲೂ ಹಲ್ಲಿನ ರಿಂಗ್ ಇರುತ್ತದೆ. ಸೆನ್ಸರ್ ಆ ಹಲ್ಲುಗಳನ್ನು ಎಣಿಸುತ್ತದೆ. ಎರಡೂ ಗಾಲಿಗಳ ವೇಗ ಹೋಲಿಸಿ, ಯಾವುದು ಲಾಕ್ ಆಗುತ್ತಿದೆ ಅಂತ ಎಬಿಎಸ್ ಯೂನಿಟ್ ಕಂಡುಹಿಡಿಯುತ್ತದೆ. ಮುಂದಿನ ಗಾಲಿ ಚಿಕ್ಕದಾದರೆ ಅದೇ ದೂರಕ್ಕೆ ಸುಮಾರು ಶೇಕಡಾ 5ರಷ್ಟು ಜಾಸ್ತಿ ಸುತ್ತುತ್ತದೆ. ನೆಟ್ಟಗೆ ಹೋಗುತ್ತಿದ್ದರೂ ಮುಂದಿನ ಗಾಲಿ ಹಿಂದಿನದಕ್ಕಿಂತ ವೇಗವಾಗಿದೆ ಅಂತ ಯೂನಿಟ್‌ಗೆ ಕಾಣುತ್ತದೆ. ಸ್ಕ್ರಾಮ್‌ನ ಯೂನಿಟ್ಟನ್ನು ಅದರ ಗಾಲಿಗೆ ತಕ್ಕಂತೆ ಹೊಂದಿಸಿದ್ದಾರೆ, ನಿಮ್ಮದನ್ನು ನಿಮ್ಮ ಗಾಲಿಗೆ. ಎಚ್ಚರಿಕೆ ದೀಪ ಹತ್ತಲಿಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿಯಿದೆ ಅಂತಲ್ಲ. ಮಳೆಗಾಲದಲ್ಲಿ ತಾಮ್ಹಿಣಿ ಘಾಟ್ ಇಳಿಯುವಾಗ ಈ ಲೆಕ್ಕ ತಪ್ಪಿದ ಬ್ರೇಕನ್ನು ನನ್ನ ತಮ್ಮನಿಗೆ ನಾನು ಕೊಡುವುದಿಲ್ಲ. ನಿಮಗೂ ಅದನ್ನೇ ಹೇಳುತ್ತೇನೆ.

ಎಬಿಎಸ್ ಇಲ್ಲದ ಹಳೆಯ ಗಾಡಿಗೆ ಈ ತೊಂದರೆ ಇಲ್ಲ, ಮೂತಿ ಇಳಿಯುವ ತೊಂದರೆ ಮಾತ್ರ. ಆದರೂ ಆಕ್ಸಲ್, ಬುಷ್, ಡಿಸ್ಕ್ ಎಲ್ಲವೂ ಒಂದೇ ಗಾಡಿಯ ಸೆಟ್ ಆಗಿರಲಿ. ಬುಷ್ ಒಂದೆರಡು ಮಿಲಿಮೀಟರ್ ಕಡಿಮೆಯಾಗಿ ಡಿಸ್ಕ್ ಕ್ಯಾಲಿಪರಿಗೆ ಉಜ್ಜುವುದು, ಅಲ್ಲೇ ವಾಷರ್ ತುರುಕುವುದು, ಇದೆಲ್ಲ ಬೇಡ. ಡಾಂಬರು ರಸ್ತೆಗೆ ಹಿಡಿತ ಬೇಕು ಅನ್ನುವುದೇ ಆಸೆಯಾದರೆ 21ರ ಗಾಲಿಯನ್ನೇ ಇಟ್ಟುಕೊಂಡು ರಸ್ತೆಗೆ ಹೊಂದುವ ಟಯರ್ ಹಾಕಿಸಿ.

ಬಿಎಸ್6ರ ಎಬಿಎಸ್ ಗುಂಡಿಯನ್ನು ಬಿಎಸ್4ಗೆ ಹಾಕಬಹುದಾ ಅಂತಲೂ ಕೇಳುತ್ತಾರೆ. ಗುಂಡಿ ಕೇಳಿಕೊಳ್ಳುತ್ತದೆ ಅಷ್ಟೇ, ಕೆಲಸ ಮಾಡುವುದು ಯೂನಿಟ್. ಗುಂಡಿ ಒಂದನ್ನೇ ತಂದರೆ ಉಪಯೋಗವಿಲ್ಲ. ಕಾರ್ಬೊರೇಟರ್ ಗಾಡಿಯನ್ನು ಇಂಜೆಕ್ಷನ್ ಮಾಡುವುದೂ ಹಾಗೇ. ಪೆಟ್ರೋಲ್ ಪಂಪು, ಟ್ಯಾಂಕು, ವೈರಿಂಗು, ಇಸಿಯು (ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಅಂತ ನಿರ್ಧರಿಸುವ ಕಂಪ್ಯೂಟರ್), ಸೆನ್ಸರುಗಳು ಎಲ್ಲ ಬೇಕು. ಅಷ್ಟು ದುಡ್ಡಿದ್ದರೆ ಹಳೆಯದನ್ನು ಮಾರಿ ಇಂಜೆಕ್ಷನ್ ಗಾಡಿಯನ್ನೇ ತಗೊಳ್ಳಿ.

440ರ ಪಿಸ್ಟನ್ನಿನ ಆಸೆ ಯಾಕೆ ಹುಟ್ಟುತ್ತದೆ ಅಂತ ನನಗೆ ಅರ್ಥವಾಗುತ್ತದೆ. ಎರಡೂ ಎಂಜಿನ್ನಿನ ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 86 ಮಿಲಿಮೀಟರ್. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, ಮಾತ್ರ 78ರಿಂದ 81 ಆಗಿ, 411 ಸಿಸಿ 443 ಆಗಿದೆ. ನೋಡಿದರೆ ಬ್ಲಾಕ್, ಪಿಸ್ಟನ್ ಬದಲಿಸಿದರೆ ಸಾಕು ಅನಿಸುತ್ತದೆ. ಆದರೆ ಜಾಸ್ತಿ ಗಾಳಿಗೆ ಜಾಸ್ತಿ ಪೆಟ್ರೋಲ್ ಬೇಕು, ನಿಮ್ಮ ಇಸಿಯುಗೆ ಗೊತ್ತಿರುವುದು 411ರ ಅಳತೆ. ಅಲ್ಲದೆ ಆರ್‌ಸಿಯಲ್ಲಿ ಸಿಸಿ ಬರೆದಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಒಪ್ಪಿಗೆಯಿಲ್ಲದ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ 182ಎ ಸೆಕ್ಷನ್ ಹೇಳುತ್ತದೆ. ಅಪಘಾತವಾದಾಗ ಇನ್ಶೂರೆನ್ಸಿನವರು ಕೇಳುವುದೂ ಇದನ್ನೇ.

ನಾವು ವಾಕಿಂಗ್ ಹೋಗುವ ವೇತಾಳ ಟೇಕ್ಡಿ ಗುಡ್ಡದ ಬದಿಯಲ್ಲೇ ಎಆರ್‌ಎಐ ಇದೆ. ಗಾಡಿಗಳನ್ನು ಪರೀಕ್ಷಿಸುವ, 1966ರಿಂದ ಇರುವ ಸಂಸ್ಥೆ. ಗಾಡಿ ಮಾರುಕಟ್ಟೆಗೆ ಬರುವ ಮೊದಲು ಇಂಥ ಕಡೆ ಎಂಜಿನ್, ಸೈಲೆನ್ಸರ್, ಬ್ರೇಕ್ ಎಲ್ಲವನ್ನೂ ಕೂಡಿಸಿ ಪರೀಕ್ಷೆ ಮಾಡಿರುತ್ತಾರೆ. ನಾವು ಒಂದು ಬದಲಿಸಿದರೆ ಆ ಜೋಡಿಯನ್ನು ಯಾರೂ ಪರೀಕ್ಷಿಸಿಲ್ಲ.

2023ರ ಹಿಮಾಲಯನ್ 450 ಬೇರೆಯೇ ಗಾಡಿ. ಫ್ರೇಮು ಬೇರೆ, ಎಂಜಿನ್ನಿಗೆ ನೀರಿನ ಕೂಲಿಂಗ್. ಮುಂದಿನ ಟಯರಿನ ಅಳತೆ ಮಾತ್ರ ಹಳೆಯ ಹಿಮಾಲಯನ್‌ನದ್ದೇ.

ಇನ್ನು ಕೊಳ್ಳುವ ವಿಷಯ. ನಾನಾ ಪೇಠೆಯ ಅಂಗಡಿಗಳಿಗೆ ಹೋಗುವ ಮೊದಲು ಪಾರ್ಟ್ ನಂಬರ್ ಬರೆದುಕೊಳ್ಳಿ. ಪ್ರತಿ ಮಾಡೆಲ್‌ಗೂ ಕಂಪನಿಯ ಪಾರ್ಟ್ಸ್ ಪುಸ್ತಕ ಇರುತ್ತದೆ. ಎರಡರಲ್ಲೂ ಒಂದೇ ನಂಬರ್ ಇದ್ದರೆ ಅದು ಒಂದೇ ಸಾಮಾನು, ಕಣ್ಣು ಮುಚ್ಚಿ ತನ್ನಿ. ನಂಬರ್ ಬೇರೆಯಾಗಿದ್ದರೆ ಯಾಕೆ ಬೇರೆ ಅಂತ ತಿಳಿಯುವವರೆಗೆ ದುಡ್ಡು ಕೊಡಬೇಡಿ, ಅಂಗಡಿಯವರು ಮರಾಠಿಯಲ್ಲಿ "ಬಸ್ತಂಯ್ ಕೀ" (ಕೂಡುತ್ತದಲ್ಲ) ಅಂತ ಎಷ್ಟು ಭರವಸೆ ಕೊಟ್ಟರೂ. ಜುನಾ ಬಜಾರಿನಲ್ಲಿ ಹಳೆಯ ರ‍್ಯಾಕ್, ಸೀಟು, ಗಾರ್ಡ್ ಹುಡುಕಿ, ಅಡ್ಡಿಯಿಲ್ಲ. ಫೋರ್ಕ್, ಗಾಲಿ, ಕ್ಯಾಲಿಪರ್ ಮಾತ್ರ ಬಿಲ್ ಇಲ್ಲದೆ ಮುಟ್ಟಬೇಡಿ. ಅವು ಎಂಥ ಅಪಘಾತದ ಗಾಡಿಯಿಂದ, ಯಾರ ಮನೆಯಿಂದ ಬಂದವು ಅಂತ ಗೊತ್ತಾಗುವುದಿಲ್ಲ.

ಬಿಚ್ಚಿದ ಒರಿಜಿನಲ್ ಸಾಮಾನನ್ನು ಬೋಲ್ಟು, ಬುಷ್ಷಿನ ಸಮೇತ ಚೀಲಕ್ಕೆ ಹಾಕಿ, ಹೆಸರು ಬರೆದು ಅಟ್ಟದ ಮೇಲಿಡಿ. ಗಾಡಿ ಮಾರುವಾಗ ಕೊಳ್ಳುವವರು ಅದನ್ನು ಕೇಳುತ್ತಾರೆ.