ಜೀನ್ ಕ್ರೂಪಾ ಇರುವಾಗ ರೇ ಬೊಡ್ಯೂಕ್ ಯಾಕೆ?

ಹಳೇ ಜಾಝ್ ಕೇಳುತ್ತೇನೆ ಅಂದ ಕೂಡಲೇ ಜನ ಕೇಳುತ್ತಾರೆ: "ಇಷ್ಟದ ಡ್ರಮ್ಮರ್ ಯಾರು? ಜೀನ್ ಕ್ರೂಪಾ ತಾನೇ?" ಕ್ರೂಪಾ ದೊಡ್ಡವರೇ, ಅನುಮಾನವಿಲ್ಲ. ಆದರೆ ನಾನು ಹೇಳುವ ಹೆಸರು ರೇ ಬೊಡ್ಯೂಕ್. "ಅದ್ಯಾರಪ್ಪಾ?" ಅನ್ನುವುದು ಮುಂದಿನ ಪ್ರಶ್ನೆ.

ಬೊಡ್ಯೂಕ್ 1906ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದವರು. ಅಪ್ಪ ಕಾರ್ನೆಟ್ (ಟ್ರಂಪೆಟ್‌ನಂಥ ಕಹಳೆ) ಊದುತ್ತಿದ್ದರು. ಆ ಊರಿನ ಮೆರವಣಿಗೆ ಬ್ಯಾಂಡುಗಳಲ್ಲಿ ದೊಡ್ಡ ಡ್ರಮ್ ಒಬ್ಬರಿಗೆ, ಸ್ನೇರ್ ಅನ್ನೋ ಚಟಚಟ ಸದ್ದಿನ ಚಿಕ್ಕ ಡ್ರಮ್ ಇನ್ನೊಬ್ಬರಿಗೆ. ಕಾಲಿನ ಪೆಡಲ್ ಬಂದ ಮೇಲೆ ಎರಡನ್ನೂ ಒಬ್ಬರೇ ಕೂತು ನುಡಿಸತೊಡಗಿದರು. ಕೂತೇ ನುಡಿಸಿದರೂ ಬೊಡ್ಯೂಕ್ ತಾಳ ಮಾತ್ರ ಬೀದಿಯಲ್ಲಿ ನಡೆಯುತ್ತಲೇ ಇರುತ್ತದೆ. ನನ್ನನ್ನು ಹಿಡಿದದ್ದು ಅದೇ.

1928ರಲ್ಲಿ ಬೆನ್ ಪೊಲ್ಲಾಕ್ ಬ್ಯಾಂಡ್ ಸೇರಿದರು. ಪೊಲ್ಲಾಕ್ ಸ್ವತಃ ಡ್ರಮ್ಮರ್! ತಾವು ಬ್ಯಾಂಡಿನ ಮುಂದೆ ನಿಂತು, ಡ್ರಮ್ ಜಾಗವನ್ನೇ ಈ ಹುಡುಗನಿಗೆ ಬಿಟ್ಟುಕೊಟ್ಟರು. 1934ರಲ್ಲಿ ಆ ಬ್ಯಾಂಡ್ ಒಡೆಯಿತು. ಹೊರಬಂದವರು ಮರುವರ್ಷ ತಮ್ಮದೇ ಬ್ಯಾಂಡ್ ಕಟ್ಟಿ, ಗಾಯಕ ಬಿಂಗ್ ಕ್ರಾಸ್ಬಿಯ ತಮ್ಮ ಬಾಬ್‌ರನ್ನು ಮುಂದೆ ನಿಲ್ಲಿಸಿದರು. ಹೆಸರು ಬಾಬ್‌ದು, ಪಾಲುದಾರರು ವಾದಕರು.

ಈ ಬ್ಯಾಂಡಿನ ಮಜಾ ಏನೆಂದರೆ, ಸ್ವಿಂಗ್ (ಆ ಕಾಲದ ಕುಣಿತದ ಜಾಝ್) ನುಡಿಸುವ ದೊಡ್ಡ ತಂಡದೊಳಗೇ ಬಾಬ್ ಕ್ಯಾಟ್ಸ್ ಅನ್ನೋ ಎಂಟು ಜನರ ಡಿಕ್ಸಿಲ್ಯಾಂಡ್, ಅಂದರೆ ಹಳೇ ನ್ಯೂ ಆರ್ಲಿಯನ್ಸ್ ಶೈಲಿಯ ಜಾಝ್ ತಂಡವಿತ್ತು. ಎರಡಕ್ಕೂ ಡ್ರಮ್ಮರ್ ಬೊಡ್ಯೂಕ್. ಸ್ವಿಂಗ್ ಕಾಲದಲ್ಲೂ ಅವರು ಹಳೇ ಕಾಲದ ವುಡ್‌ಬ್ಲಾಕ್ (ಬಡಿಯುವ ಮರದ ತುಂಡು), ಕೌಬೆಲ್ (ಹಸುವಿನ ಗಂಟೆ) ಬಿಡಲಿಲ್ಲ. ಒಮ್ಮೊಮ್ಮೆ ಜಾಸ್ತಿಯೇ ಆಯಿತು ಅನ್ನಿಸುತ್ತದೆ, ಒಪ್ಪುತ್ತೇನೆ.

ಮೊದಲು 1938ರ 'ಬಿಗ್ ನಾಯ್ಸ್ ಫ್ರಮ್ ವಿನೆಟ್ಕಾ' ಕೇಳಿ. ಬರೀ ಇಬ್ಬರು. ಅದೇ ಬ್ಯಾಂಡಿನ ಬಾಬ್ ಹ್ಯಾಗರ್ಟ್ ಬಾಸ್ (ನಿಲ್ಲಿಸಿ ನುಡಿಸುವ ದೊಡ್ಡ ತಂತಿವಾದ್ಯ) ನುಡಿಸುತ್ತಾ ಹಲ್ಲಿನ ಸಂದಿಯಿಂದ ಸಿಳ್ಳೆ ಹಾಕುತ್ತಾರೆ. ನಡುವೆ ಬೊಡ್ಯೂಕ್ ಡ್ರಮ್ ಬಿಟ್ಟು ಬಾಸ್‌ನ ತಂತಿಯ ಮೇಲೇ ಕೋಲು ಆಡಿಸುತ್ತಾರೆ. ಸ್ವರ ಬದಲಿಸುವುದು ಹ್ಯಾಗರ್ಟ್ ಎಡಗೈ. ಸುಮ್ನೆ ಗಿಮಿಕ್ ಅಂತ ತಳ್ಳಿಹಾಕುವವರಿದ್ದಾರೆ. ನನಗಂತೂ ಹಾಗನ್ನಿಸಿಲ್ಲ. ತಾಳ ಎಲ್ಲೂ ಸಡಿಲವಾಗುವುದಿಲ್ಲ, ಅಲ್ವಾ?

ಎರಡನೇ ಮಹಾಯುದ್ಧಕಾಲದಲ್ಲಿ ಸೇನೆ. ಆಮೇಲೆ ಜಿಮ್ಮಿ ಡಾರ್ಸಿ, ಜ್ಯಾಕ್ ಟೀಗಾರ್ಡನ್ ತಂಡಗಳು. ಮುಂದೆ ಹಳೇ ಗೆಳೆಯ, ಗಿಟಾರ್ ವಾದಕ ನ್ಯಾಪಿ ಲಾಮಾರ್ ಜೊತೆ ಸ್ವಂತ ಡಿಕ್ಸಿಲ್ಯಾಂಡ್ ತಂಡ. ತೀರಿಕೊಂಡದ್ದು 1988ರಲ್ಲಿ, ಹ್ಯೂಸ್ಟನ್‌ನಲ್ಲಿ. ಕ್ರೂಪಾಗೆ ಸಿಕ್ಕ ಹೆಸರು ಇವರಿಗೆ ಸಿಗಲೇ ಇಲ್ಲ.

'ಬಿಗ್ ನಾಯ್ಸ್' ಕೇಳಿದ ಮೇಲೆ ಎರಡನೆಯದಾಗಿ, ಹ್ಯಾಗರ್ಟ್ ಜೊತೆ ಅವರೇ ಕಟ್ಟಿದ 'ಸೌತ್ ರಾಂಪಾರ್ಟ್ ಸ್ಟ್ರೀಟ್ ಪೆರೇಡ್' ಹಾಕಿಕೊಳ್ಳಿ. 1937ರದ್ದು. ಡ್ರಮ್ ಸೋಲೋಗೆ ಕಾಯಬೇಡಿ, ಕಹಳೆಗಳ ಹಿಂದಿರುವ ಸ್ನೇರ್ ಕೇಳಿ.