ಜಮೈಕಾದ ಎಳೆಯ ರಮ್ಮನ್ನು ಅಳೆಯುವ ಬಗೆ

ಜಮೈಕಾದ ಹ್ಯಾಂಪ್ಡನ್ ಎಸ್ಟೇಟಿನ 'ರಮ್ ಫೈರ್' ಪೀಪಾಯಿಯಲ್ಲಿ ಮಾಗಿಸದ ಬಿಳಿ ರಮ್. ಅದರಲ್ಲಿ ಮದ್ಯಸಾರ ಶೇ. 63ರಷ್ಟಿದೆ. ಮಡಗಾಂವದ ನಮ್ಮ ಮನೆಗೆ ಕಾರವಾರದಿಂದ ಭಾವ ಬಂದಿದ್ದಾಗ ಇಬ್ಬರೂ ಕೂತು ಇದನ್ನು ನಿಧಾನವಾಗಿ ಸವಿದೆವು.

ಇಂಥ ತೀಕ್ಷ್ಣ ರಮ್ಮನ್ನು ಸುರಿದ ಕೂಡಲೇ ಮೂಸಬಾರದು. ಕೆಲವು ನಿಮಿಷ ಬಿಟ್ಟು, ಗ್ಲಾಸನ್ನು ಗಲ್ಲದ ಮಟ್ಟದಲ್ಲೇ ಹಿಡಿದರೆ ಮೊದಲು ಅತಿಯಾಗಿ ಕಳಿತ ಅನಾನಸ್, ಅದರ ಬೆನ್ನಿಗೇ ಬಾಳೆಹಣ್ಣು, ಕೊನೆಗೆ ವಾರ್ನಿಷ್‌ನ ಘಾಟು ಬರುತ್ತದೆ. ಇದನ್ನು ದೋಷವೆನ್ನಲಾಗದು. ಕಾಕಂಬಿಯನ್ನು ಕಾಡು ಯೀಸ್ಟಿನಿಂದ ದೀರ್ಘಕಾಲ ಹುದುಗಿಸಿ, ಹಿಂದಿನ ಭಟ್ಟಿಯ ತಳದಲ್ಲಿ ಉಳಿದ 'ಡಂಡರ್' ಎಂಬ ದ್ರವ ಬಳಸಿ, ಹಂಡೆಯಂಥ ಪಾಟ್ ಸ್ಟಿಲ್‌ನಲ್ಲಿ ಇಳಿಸುವ ಕಾರಣ ಆಮ್ಲಗಳು ಮದ್ಯಸಾರದೊಡನೆ ಕೂಡಿ ಎಸ್ಟರುಗಳೆಂಬ ಪರಿಮಳದ ಸಂಯುಕ್ತಗಳು ಹೇರಳವಾಗಿ ಹುಟ್ಟುತ್ತವೆ. ಅನಾನಸಿನ ಪರಿಮಳ ಈಥೈಲ್ ಬ್ಯುಟಿರೇಟ್ ಎಂಬ ಎಸ್ಟರಿನದು.

30 ಮಿ.ಲೀ. ರಮ್ಮಿಗೆ 12 ಮಿ.ಲೀ. ನೀರು ಬೆರೆಸಿದರೆ ಅದರ ಬಲ ಶೇ. 45ಕ್ಕೆ, ಅಂದರೆ ಗೋವೆಯ ಕಾಜು ಫೆಣಿಯ ಹತ್ತಿರಕ್ಕೆ ಇಳಿಯುತ್ತದೆ. ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಇದೇ: ಉರಿ ತಗ್ಗಿದ ಮೇಲೆ ರುಚಿಯೂ ತಗ್ಗಿದರೆ ಆ ರಮ್ಮಿನಲ್ಲಿ ಬಲದ ಹೊರತು ಬೇರೇನೂ ಇರಲಿಲ್ಲವೆಂದೇ ಅರ್ಥ. ಇಲ್ಲಿ ಹಣ್ಣಿನ ರುಚಿ ಇನ್ನೂ ಬಿಚ್ಚಿಕೊಂಡಿತು, ನುಂಗಿದ ಬಹಳ ಹೊತ್ತಿನ ಮೇಲೂ ನಾಲಿಗೆಯಲ್ಲಿ ಉಪ್ಪಿನ ಛಾಯೆ ಉಳಿದಿತ್ತು. ಫೆಣಿಯ ಘಾಟಿಗೆ ಒಗ್ಗಿದ ಭಾವನಿಗೆ ಇದು ಮೊದಲ ಗುಟುಕಿಗೇ ಹಿಡಿಸಿತು. ಮರದ ಪೀಪಾಯಿ ತರುವ ಮೃದುತ್ವ ಬಯಸುವವರಿಗೆ ಇದು ಒರಟೆನಿಸಬಹುದು; ನಾನಂತೂ ಲಿಂಬೆರಸ, ಸಕ್ಕರೆ ಬೆರೆಸಿದ ಡೈಕಿರಿ ಎಂಬ ಕಾಕ್ಟೇಲಿಗೆ ಇದನ್ನೇ ಆರಿಸುತ್ತೇನೆ.